ಸೂರ್ಯ ಹೇಳಿದ ಗಳಿಗೆಗೆ ಹೊಸ ವರ್ಷ

2024ರಲ್ಲಿ ಇರಾನಿನ ಹೊಸ ವರ್ಷ ಹುಟ್ಟಿದ್ದು ಮಾರ್ಚ್ 20ರ ಬೆಳಿಗ್ಗೆ 6 ಗಂಟೆ 36 ನಿಮಿಷಕ್ಕೆ. ಮರುವರ್ಷವೂ ಅದೇ ತಾರೀಖು, ಆದರೆ ಮಧ್ಯಾಹ್ನ 12 ಗಂಟೆ 31 ನಿಮಿಷಕ್ಕೆ. ಒಂದೊಂದು ವರ್ಷ ಅದು ನಡುರಾತ್ರಿಯಲ್ಲೂ ಬರುತ್ತದೆ. ಆಗ ನಿದ್ದೆಗಣ್ಣಿನ ಮಕ್ಕಳನ್ನೂ ಎಬ್ಬಿಸಿ, ಹೊಸ ಬಟ್ಟೆ ತೊಡಿಸಿ ಕೂರಿಸುತ್ತಾರೆ. ಸೂರ್ಯ ವಿಷುವದ್ವೃತ್ತವನ್ನು ದಾಟಿ ಉತ್ತರಕ್ಕೆ ಬರುವ ಆ ಗಳಿಗೆಯೇ ನೌರೋಜ್. ನಮ್ಮ ಯುಗಾದಿ ಚಂದ್ರನನ್ನು ಹಿಡಿದು ನಡೆಯುವುದರಿಂದ ಮಾರ್ಚ್–ಏಪ್ರಿಲ್ ನಡುವೆ ಹಿಂದೆಮುಂದೆ ಸರಿಯುತ್ತದೆ. ಇರಾನಿನವರದು ಪೂರ್ತಿ ಸೌರ ಲೆಕ್ಕ. ಸೂರ್ಯ ದಾಟುವುದು ಮಧ್ಯಾಹ್ನದೊಳಗಾದರೆ ಫರ್ವರ್ದೀನ್ ತಿಂಗಳು ಅಂದೇ ಶುರು, ಆಮೇಲಾದರೆ ಮರುದಿನ.

ಈ ಲೆಕ್ಕದ ಬೇರು 1079ರ ಜಲಾಲಿ ಪಂಚಾಂಗದಲ್ಲಿದೆ. ಅದನ್ನು ಸಿದ್ಧಪಡಿಸಲು ಸುಲ್ತಾನ ಮಲಿಕ್ ಶಾ ಸೇರಿಸಿದ್ದ ಖಗೋಳಜ್ಞರಲ್ಲಿ ಉಮರ್ ಖಯ್ಯಾಮನೂ ಒಬ್ಬ. ಡಿವಿಜಿಯವರ ‘ಉಮರನ ಒಸಗೆ’ ಓದಿದ ನಮಗೆ ಅವನು ಕವಿ, ಅಷ್ಟೇ. ಅವನ ಗಣಿತದ ಬಗ್ಗೆಯೂ ನಾವು ಅಷ್ಟೇ ಅಕ್ಕರೆಯಿಂದ ಮಾತಾಡಬೇಕಿತ್ತು ಎಂದು ನನಗೆ ಅನಿಸುತ್ತದೆ.

ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಇರಾನಿನ ವಿದ್ಯಾರ್ಥಿ ದಂಪತಿ ಕೆಲಕಾಲ ಬಾಡಿಗೆಗಿದ್ದರು. ಹಬ್ಬ ಹತ್ತಿರ ಬಂದಾಗ ಆ ಹುಡುಗಿ, ‘ಆಂಟಿ, ಒಂದು ಸ್ಟೀಲ್ ತಟ್ಟೆ ಕೊಡ್ತೀರಾ?’ ಎಂದು ಕೇಳಿಕೊಂಡು ಬಂದಳು. ಗೋಧಿ ನೆನೆಸಿ, ತಟ್ಟೆಯಲ್ಲಿ ಹರಡಿ, ಒದ್ದೆ ಬಟ್ಟೆ ಮುಚ್ಚಿಟ್ಟು ಮೊಳಕೆ ಬರಿಸಿದಳು. ಹಬ್ಬದ ಹೊತ್ತಿಗೆ ಗೇಣುದ್ದದ ಹಸಿರು ಪೈರು! ಅದಕ್ಕೊಂದು ಕೆಂಪು ರಿಬ್ಬನ್ ಕಟ್ಟಿ ಮೇಜಿನ ನಡುವೆ ಇಟ್ಟಳು. ಸುತ್ತ ಸೇಬು, ಬೆಳ್ಳುಳ್ಳಿ, ವಿನಿಗರ್, ಸುಮಾಕ್ ಎಂಬ ಹುಳಿಪುಡಿ, ಜೊತೆಗೊಂದು ಕನ್ನಡಿ, ಬಣ್ಣ ಬಳಿದ ಮೊಟ್ಟೆಗಳು. ಸೆಂಜೆದ್ ಎಂಬ ಒಣಹಣ್ಣು ದೇವರಾಜ ಮಾರುಕಟ್ಟೆಯಲ್ಲಿ ಎಲ್ಲಿ ಸಿಗಬೇಕು? ಅವಳ ತಾಯಿ ಊರಿಂದ ಕಳಿಸಿದ್ದರು. ಕೆಂಗಂದು ಸಿಪ್ಪೆ, ಒಳಗೆ ಹಿಟ್ಟುಹಿಟ್ಟಾದ ತಿರುಳು.

ನನ್ನ ಮನಸ್ಸು ಸೆಳೆದದ್ದು ಸಮನು ಎಂಬ ಸಿಹಿ. ಮೊಳೆತ ಗೋಧಿಯನ್ನು ಅರೆದು, ಹಾಲು ಹಿಂಡಿ, ಗೋಧಿಹಿಟ್ಟು ಬೆರೆಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕೈಬಿಡದೆ ತಿರುವಬೇಕು. ಬೆಳ್ಳಗಿದ್ದದ್ದು ಕಂದಾಗಿ, ಗಟ್ಟಿಯಾಗಿ, ಸಿಹಿಯಾಗುತ್ತದೆ. ಚಿಟಿಕೆ ಸಕ್ಕರೆಯನ್ನೂ ಹಾಕುವುದಿಲ್ಲ! ಕಾಳು ಮೊಳೆಯುವಾಗ ಹುಟ್ಟುವ ಕಿಣ್ವಗಳು ಹಿಟ್ಟಿನ ಪಿಷ್ಟವನ್ನೇ ಸಕ್ಕರೆ ಮಾಡುತ್ತವೆ. ರಾಗಿ ಮೊಳಕೆ ಕಟ್ಟಿ ಮಕ್ಕಳಿಗೆ ಸರಿ ಮಾಡುವ ನಮ್ಮ ತಾಯಂದಿರಿಗೆ ಈ ಗುಟ್ಟು ಗೊತ್ತೇ ಇದೆ. ಉಜ್ಬೇಕಿಸ್ತಾನದಲ್ಲಿ ಇದೇ ಸುಮಲಕ್. ಓಣಿಯ ಹೆಂಗಸರೆಲ್ಲ ಸೇರಿ ದೊಡ್ಡ ಕಡಾಯಿ ಹೂಡಿ, ಹಾಡುತ್ತ ರಾತ್ರಿಯಿಡೀ ಸರದಿಯ ಮೇಲೆ ತಿರುವುತ್ತಾರೆ. ತಳ ಹಿಡಿಯದಿರಲೆಂದು ತೊಳೆದ ನುಣುಪು ಕಲ್ಲುಗಳನ್ನು ಒಳಗೆ ಹಾಕಿರುತ್ತಾರೆ.

ಇರಾನಿನಲ್ಲಿ ಹೊಸ ವರ್ಷ ಹುಟ್ಟಿದ ಮೇಲೆ ಹಿರಿಯರ ಮನೆಗೆ ಮೊದಲ ಭೇಟಿ, ಕಿರಿಯರಿಗೆ ಗರಿಗರಿ ಹೊಸ ನೋಟು. ಹದಿಮೂರನೆಯ ದಿನ ಯಾರೂ ಮನೆಯಲ್ಲಿ ಉಳಿಯುವುದಿಲ್ಲ. ಬುತ್ತಿ ಕಟ್ಟಿಕೊಂಡು ತೋಪಿಗೋ ಹೊಳೆದಂಡೆಗೋ ಹೋಗಿ ಆ ಪೈರನ್ನು ಹರಿಯುವ ನೀರಿಗೆ ಬಿಡುತ್ತಾರೆ. ಅಂದು ಸರ್ಕಾರಿ ರಜೆಯೂ ಹೌದು.

ನಮ್ಮ ಪಾರ್ಸಿಗಳು ಮಾರ್ಚ್ 21ಕ್ಕೆ ಜಮ್‌ಶೇದಿ ನವರೋಜ್ ಆಚರಿಸುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರ ಪಂಚಾಂಗದ ಹೊಸ ವರ್ಷ ಬರುವುದು ಆಗಸ್ಟ್‌ನಲ್ಲಿ. 365 ದಿನಗಳ ಆ ಪಂಚಾಂಗದಲ್ಲಿ ಅಧಿಕ ದಿನ ಸೇರಿಸುವುದು ಶತಮಾನಗಳ ಹಿಂದೆಯೇ ನಿಂತುಹೋಗಿ, ವರ್ಷಾರಂಭ ವಸಂತದಿಂದ ದೂರ ಸರಿಯುತ್ತ ಬಂದಿದೆ.

ಇಷ್ಟು ಹಳೆಯ ಹಬ್ಬಕ್ಕೆ ಸರ್ಕಾರದ ರಜೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬೇಕು ಎಂದೇ ನನ್ನ ವಾದ. ಟರ್ಕಿಯಲ್ಲಿ ಕುರ್ದರು ಈ ಹಬ್ಬದ ಬೆಂಕಿ ಹೊತ್ತಿಸುವುದನ್ನು ದಶಕಗಳ ಕಾಲ ಹತ್ತಿಕ್ಕಲಾಯಿತು. ಅಫ್ಘಾನಿಸ್ತಾನದ ಮಝಾರ್-ಎ-ಶರೀಫ್‌ನಲ್ಲಿ ನೌರೋಜ್ ದಿನ ನೀಲಿ ಮಸೀದಿಯ ಅಂಗಳದಲ್ಲಿ ಎತ್ತರದ ಧ್ವಜ ಏರಿಸುವುದನ್ನು ನೋಡಲು ದೇಶದ ನಾನಾ ಕಡೆಯಿಂದ ಜನ ಬರುತ್ತಿದ್ದರು. ತಾಲಿಬಾನ್ ಬಂದ ಮೇಲೆ ಈ ದಿನ ರಜಾಪಟ್ಟಿಯಿಂದಲೇ ಹೋಯಿತು. ಮನೆಯೊಳಗೆ ಏಳು ಬಗೆಯ ಒಣಹಣ್ಣು ನೆನೆಹಾಕಿ ಹಬ್ಬ ಮಾಡಬಹುದು, ನಿಜ. ಆದರೆ ದಿನಗೂಲಿಯವನು ಅಂದು ಕೆಲಸಕ್ಕೆ ಹೋಗಲೇಬೇಕು, ದೂರದೂರಿನ ಮಗಳು ತವರಿಗೆ ಬರಲಾರಳು. ಊರೊಟ್ಟಿಗೆ ಕೂಡುವ ಹಬ್ಬವನ್ನು ಹೀಗೆ ಮನೆಯೊಳಗೆ ತಳ್ಳುವುದು ಅನ್ಯಾಯ. ಕಜಾಕಿಸ್ತಾನದವರಿಗೆ ಇದರ ಅನುಭವವಿದೆ. ಸೋವಿಯತ್ ಆಡಳಿತ 1926ರಲ್ಲಿ ನಿಲ್ಲಿಸಿದ ನೌರಿಜ್ ಮತ್ತೆ ಬಹಿರಂಗವಾಗಿ ನಡೆದದ್ದು 1988ರಲ್ಲಿ. ಈಗ ಅಲ್ಲಿ ಮಾರ್ಚ್ 21ರಿಂದ 23ರವರೆಗೆ ಮೂರು ದಿನ ರಜೆ. ನೀರು, ಮಾಂಸ, ಉಪ್ಪು, ಕೊಬ್ಬು, ಹಿಟ್ಟು, ಧಾನ್ಯ, ಹಾಲು ಸೇರಿಸಿ ಬೇಯಿಸಿದ ಹಬ್ಬದ ಗಂಜಿಯನ್ನು ಚೌಕಗಳಲ್ಲಿ ಬಂದವರಿಗೆಲ್ಲ ಬಡಿಸುತ್ತಾರೆ.