ಮಗ್ಗಿ ಬಂತು ಸರಿ, ಮಗು ನೋಡೋದು ಬಂತೇ?

"ಎರಡು ತಿಂಗಳಿಗೆ ನಗು, ಮೂರಕ್ಕೆ ಕತ್ತು ನಿಲ್ಲುತ್ತೆ, ಐದಕ್ಕೆ ಮಗುಚುತ್ತೆ, ಎಂಟಕ್ಕೆ ಕೂರುತ್ತೆ, ಒಂಬತ್ತಕ್ಕೆ ಹಿಡಿದು ನಿಲ್ಲುತ್ತೆ, ವರ್ಷಕ್ಕೆ ಹೆಜ್ಜೆ..."

ಮಗ್ಗಿ ಒಪ್ಪಿಸಿದ ಹಾಗಿದೆ, ಅಲ್ಲವೇ? ಪರೀಕ್ಷೆ ಹತ್ತಿರ ಬಂತೆಂದರೆ ನರ್ಸಿಂಗ್ ಓದುವ ಹುಡುಗಿಯರು (ಈಗ ಹುಡುಗರೂ ಬೇಕಾದಷ್ಟು ಇದ್ದಾರೆ ಅನ್ನಿ) ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಒಪ್ಪಿಸೋದೇ ಹೀಗೆ. ಒಂದು ಕಡೆ ತಿಂಗಳು, ಇನ್ನೊಂದು ಕಡೆ ಮಗು ಮಾಡುವ ಕೆಲಸ. ಉತ್ತರಪತ್ರಿಕೆಯಲ್ಲಿ ಎರಡು ಗೆರೆ ಎಳೆದು ತುಂಬಿಸಿದರೆ ಅಂಕ ಗ್ಯಾರಂಟಿ.

ಇದನ್ನು ತಪ್ಪು ಅನ್ನೋದಕ್ಕೆ ಹೊರಟಿಲ್ಲ ಸ್ವಾಮಿ. ಮಗ್ಗಿಯೇ ಬರದವನು ಅಂಗಡಿ ಲೆಕ್ಕ ಹೇಗೆ ಮಾಡಿಯಾನು? ಪಿಯುಸಿ ಪುಸ್ತಕ ಅರ್ಧಕ್ಕೇ ಮುಚ್ಚಿಟ್ಟು ಪತ್ರಿಕೆ ಕೆಲಸಕ್ಕೆ ಬಂದ ಈ ಬರಹಗಾರನಿಗೆ ಆ ಕೋಷ್ಟಕ ಒಪ್ಪಿಸೋರನ್ನು ಕಂಡರೆ ಗೌರವವೇ. ತಕರಾರು ಇರೋದು ಬೇರೆ ಕಡೆ. ಹಳ್ಳಿಯ ತಾಯಿ ನರ್ಸಮ್ಮನ ಹತ್ತಿರ ಬಂದು ಕೋಷ್ಟಕ ಕೇಳೋದಿಲ್ಲ. ಆಕೆ ಕೇಳೋದು ಒಂದೇ ಮಾತು: "ನಮ್ಮ ಪಾಪ ಇನ್ನೂ ಹಿಂಗೇ ಅದೆಯಲ್ಲವ್ವ, ಸರಿಹೋಗ್ತದಾ?"

ಈ ಪ್ರಶ್ನೆಗೆ "ಸರಿಹೋಗುತ್ತೆ ಬಿಡಿ" ಅನ್ನೋ ಉತ್ತರ ಎಷ್ಟೋ ಸಲ ಸರಿ. ಕೆಲವು ಸಲ ಆ ಮಾತಿಗಿಂತ ದುಬಾರಿಯಾದದ್ದು ಇನ್ನೊಂದಿಲ್ಲ. ಯಾವಾಗ ಹೇಳಬೇಕು, ಯಾವಾಗ ಹೇಳಕೂಡದು ಅಂತ ತಿಳಿಯೋದೇ ಮಗುವಿನ ಬೆಳವಣಿಗೆಯ ಪಾಠ.

ಹೇಳಬಹುದಾದ ಕಡೆ ಮೊದಲು ನೋಡೋಣ. ಹುಟ್ಟಿದ ಮಗುವನ್ನು ಮೂರನೇ ದಿನ ತೂಗಿದರೆ ತೂಕ ಇಳಿದಿರುತ್ತೆ. ನೂರಕ್ಕೆ ಐದರಿಂದ ಹತ್ತು ಪಾಲು ಇಳಿಯೋದು ಸಹಜ. ಅಜ್ಜಿಗೆ ಗಾಬರಿ. "ಹಾಲು ಸಾಲದು ಕಣವ್ವ, ಬಾಟ್ಲಿ ತರ್ಸು" ಅಂತ ಶುರು. ಅಲ್ಲಿ ನರ್ಸಮ್ಮ ಗಟ್ಟಿಯಾಗಿ ನಿಂತು, "ಅಜ್ಜಿ, ಮಗು ಚೆನ್ನಾಗಿ ಹಾಲು ಕುಡೀತಿದೆ, ಒಂದಕ್ಕೆ ಮಾಡ್ತಿದೆ, ಹತ್ತು-ಹದಿನಾಲ್ಕು ದಿನಕ್ಕೆ ಹುಟ್ಟಿದಾಗಿನ ತೂಕ ವಾಪಸ್ ಬರುತ್ತೆ" ಅಂದರೆ ಒಂದು ಬಾಟಲಿ ತಪ್ಪಿತು, ಅದರ ಜೊತೆಗೆ ಬರುವ ಭೇದಿಯೂ ತಪ್ಪಿತು. ಐದು ತಿಂಗಳಿಗೆ ತೂಕ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ಅಂದರೆ ಮೂರು ಕೆಜಿ ಹುಟ್ಟಿದ ಮಗು ವರ್ಷಕ್ಕೆ ಒಂಬತ್ತು ಕೆಜಿ. ಉದ್ದ ಐವತ್ತು ಸೆಂಟಿಮೀಟರಿನಿಂದ ಎಪ್ಪತ್ತೈದು.

ವರ್ಷ ತುಂಬಿದ ಮೇಲೆ ಇನ್ನೊಂದು ದೂರು ಶುರುವಾಗುತ್ತೆ. "ಮುಂಚೆ ಚೆನ್ನಾಗಿ ತಿನ್ನೋನು, ಈಗ ಮುಖ ತಿರುಗಿಸ್ತಾನೆ." ತಿರುಗಿಸಲೇಬೇಕು! ಮೊದಲ ವರ್ಷ ಆರು ಕೆಜಿ ಏರಿದ ಮಗು ಎರಡನೇ ವರ್ಷ ಏರೋದು ಎರಡು-ಎರಡೂವರೆ ಕೆಜಿ ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ಸ್ವಲ್ಪ ಕಡಿಮೆ. ಆಟವಾಡುತ್ತಾ ಚೂಟಿಯಾಗಿದ್ದು, ತೂಕವೂ ತನ್ನ ಗೆರೆಯಲ್ಲೇ ಹೋಗುತ್ತಿದ್ದರೆ ಟಾನಿಕ್ ಬಾಟಲಿಯ ಖರ್ಚು ಉಳಿಸಬಹುದು.

ಎಂಟು ತಿಂಗಳ ಮಗು ಬಿಳಿ ಕೋಟು ಕಂಡ ಕೂಡಲೇ ಚೀರುತ್ತೆ. ಕಲಿಯೋಕೆ ಬಂದ ಹುಡುಗಿಗೆ ಬೇಸರ, ತಾಯಿಗೆ ನಾಚಿಕೆ. ಆದರೆ ಅದು ತಾಯಿ ಯಾರು, ಹೊರಗಿನವರು ಯಾರು ಅಂತ ಮಗುವಿಗೆ ತಿಳಿದಿದೆ ಅನ್ನೋದರ ಗುರುತು. ಮೂರು ತಿಂಗಳಲ್ಲಿ ಯಾರ ತೊಡೆಗಾದರೂ ಹೋಗುತ್ತಿದ್ದ ಕೂಸು ಈಗ ಲೆಕ್ಕ ಇಡ್ತಾ ಇದೆ. ಹಾಗಾಗಿ ಆ ವಯಸ್ಸಿನ ಮಗುವನ್ನು ಮೇಜಿನ ಮೇಲೆ ಮಲಗಿಸಿ ನೋಡಬಾರದು. ತಾಯಿಯ ತೊಡೆ ಮೇಲೇ ಇರಲಿ. ಮಗು ಸುಮ್ಮನಿದ್ದಾಗಲೇ ಎದೆಯ ಸದ್ದು ಕೇಳಿ, ಕಿವಿ-ಗಂಟಲು ಕೊನೆಗೆ. ಪುಸ್ತಕದ ಅಧ್ಯಾಯ ವಾರ್ಡಿನಲ್ಲಿ ಉಪಯೋಗಕ್ಕೆ ಬರೋದು ಅಂದರೆ ಇದು.

ಸರಾಸರಿ ಬೇರೆ, ಗಡಿ ಬೇರೆ

ಈಗ ಕಷ್ಟದ ಕಡೆಗೆ. ಕೋಷ್ಟಕದಲ್ಲಿ ಬರೆದಿರೋ ತಿಂಗಳು ಹೆಚ್ಚುಕಮ್ಮಿ ಸರಾಸರಿ. ಸರಾಸರಿಗೆ ಒಂದು ತಿಂಗಳು ಹಿಂದೆ ಬಿದ್ದರೆ ಪ್ರಳಯವೇನೂ ಆಗೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳ ಬೆಳವಣಿಗೆ ಅಳೆದರು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತೆ ನಮ್ಮ ದೆಹಲಿ. ಕೂರೋದು, ನಡೆಯೋದರ ಲೆಕ್ಕವನ್ನೂ ತೆಗೆದರು. ಏನು ಸಿಕ್ಕಿತು? ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆದದ್ದು 8.2 ತಿಂಗಳಿಂದ 17.6 ತಿಂಗಳ ಒಳಗೆ. ಎಷ್ಟು ಅಗಲ ನೋಡಿ! ಇನ್ನೂ ಒಂದು ತಮಾಷೆ: ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡಲೇ ಇಲ್ಲ, ನೇರ ನಡೆದುಬಿಟ್ಟವು. "ಅಂಬೆಗಾಲಿಡದೆ ನಡೆದರೆ ಒಳ್ಳೇದಲ್ಲ" ಅಂತ ಹೇಳೋ ಅತ್ತೆಯರಿಗೆ ಇದನ್ನು ತೋರಿಸಬಹುದು.

ಹಾಗಿದ್ದ ಮೇಲೆ ನರ್ಸಮ್ಮ ನೆನಪಿಡಬೇಕಾದ್ದು ಸರಾಸರಿಗಿಂತ ಹೆಚ್ಚಾಗಿ ಗಡಿ. ಮೂರು ತಿಂಗಳಾದರೂ ಮುಖ ನೋಡಿ ನಗದ ಮಗು, ಐದು ತಿಂಗಳಾದರೂ ಕತ್ತು ನಿಲ್ಲದ ಮಗು, ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ ಮಗು, ಹದಿನೆಂಟು ತಿಂಗಳಾದರೂ ನಡೆಯದ ಮಗು, ಅಷ್ಟೊತ್ತಿಗೂ ಒಂದೂ ಅರ್ಥವಿರೋ ಮಾತಾಡದ ಮಗು, ಎರಡು ವರ್ಷಕ್ಕೂ "ಅಮ್ಮ ಬಾ", "ಹಾಲು ಕೊಡು" ಅಂತ ಎರಡು ಪದ ಜೋಡಿಸದ ಮಗು. ಇಲ್ಲಿ "ಸರಿಹೋಗುತ್ತೆ" ನಡೆಯೋದಿಲ್ಲ. ಡಾಕ್ಟರಿಗೆ ತೋರಿಸಲೇಬೇಕು. ಬಂದಿದ್ದ ನಡೆ, ಬಂದಿದ್ದ ಮಾತು ಹೋಗಿಬಿಟ್ಟರೆ ಯಾವ ವಯಸ್ಸಾದರೂ ಸರಿ, ಅದೇ ವಾರ ತೋರಿಸಬೇಕು. ವರ್ಷದೊಳಗಿನ ಮಗು ಒಂದೇ ಕೈ ಚಾಚುತ್ತಿದ್ದರೆ "ಎಡಗೈ ರೂಢಿ" ಅಂತ ಸುಮ್ಮನಾಗಬೇಡಿ. ಆ ವಯಸ್ಸಿಗೆ ಎಡಚ, ಬಲಚ ಅಂತ ಇರೋದಿಲ್ಲ. ಇನ್ನೊಂದು ಕೈಯಲ್ಲಿ ಬಲ ಇದೆಯಾ ನೋಡಬೇಕು.

ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ್ದರೆ ಎಂಟನೇ ತಿಂಗಳಲ್ಲಿ ಅದನ್ನು ಆರು ತಿಂಗಳ ಮಗು ಅಂತಲೇ ನೋಡಬೇಕು. ಎರಡು ವರ್ಷದವರೆಗೂ ಈ ರಿಯಾಯಿತಿ ಇದೆ. ಇದನ್ನು ಮರೆತರೆ ಬಡಪಾಯಿ ತಾಯಿಯನ್ನು ಸುಮ್ಮನೆ ಅಳಿಸಿದ ಹಾಗೆ.

ಎಲ್ಲ ಗಡಿಯನ್ನೂ ನೆನಪಿಡೋಕೆ ಆಗದಿದ್ದರೆ ತಿರುವನಂತಪುರದಲ್ಲಿ ಮಾಡಿರೋ ಒಂದು ಪಟ್ಟಿ ಇದೆ. ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ ಹದಿನೇಳು ಕೆಲಸ, ಒಂದೊಂದಕ್ಕೂ ಒಂದು ಅಡ್ಡ ಪಟ್ಟೆ. ಮಗುವಿನ ತಿಂಗಳ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಇಡಿ. ಪೆನ್ಸಿಲಿನ ಎಡಗಡೆಗೆ ಪೂರ್ತಿ ಮುಗಿದುಹೋಗಿರುವ ಪಟ್ಟೆಯ ಕೆಲಸವನ್ನು ಮಗು ಮಾಡುತ್ತಿಲ್ಲವೋ, ತಡ ಅಂತಲೇ ಲೆಕ್ಕ. ಪಟ್ಟಿ, ಪೆನ್ಸಿಲ್ ಬಿಟ್ಟರೆ ಬೇರೆ ಯಂತ್ರ ಬೇಡ.

ಹಬ್ಬದ ಲೆಕ್ಕ

"ನಿಮ್ಮ ಮಗು ಎಷ್ಟನೇ ತಿಂಗಳಲ್ಲಿ ಕೂತಿತು?" ಅಂತ ಕೇಳಿದರೆ ತಾಯಿ ತಬ್ಬಿಬ್ಬಾಗುತ್ತಾಳೆ. ಬಾಯಿಗೆ ಬಂದದ್ದು ಹೇಳುತ್ತಾಳೆ, ವಿದ್ಯಾರ್ಥಿನಿ ಬರೆದುಕೊಳ್ಳುತ್ತಾಳೆ, ಇಬ್ಬರಿಗೂ ಕೆಲಸ ಮುಗಿಯಿತು. ಹಾಗಲ್ಲ. "ಅಕ್ಕಾ, ದಸರಾ ಹೊತ್ತಿಗೆ ಕೂತ್ಕೊಳ್ತಿತ್ತಾ? ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋದಾಗ ಸೊಂಟದ ಮೇಲೆ ನೆಟ್ಟಗೆ ಕೂತಿತ್ತಾ?" ಅಂತ ಕೇಳಿ ನೋಡಿ. ಕರಾರುವಾಕ್ಕಾಗಿ ಬರುತ್ತೆ ಉತ್ತರ. ಯುಗಾದಿಯಲ್ಲಿ ಹುಟ್ಟಿದ ಮಗು ದಸರಾಕ್ಕೆ ಕೈ ಊರಿ ಕೂತಿದ್ದರೆ ಚಿಂತೆಯಿಲ್ಲ. ಶಿವರಾತ್ರಿಯಲ್ಲಿ ಹುಟ್ಟಿದ್ದು ಸಂಕ್ರಾಂತಿಗೂ ಕೂತಿಲ್ಲ ಅಂದರೆ ಚೀಟಿ ಬರೆಯಬೇಕು.

ನಮ್ಮ ಮನೆಗಳಲ್ಲಿ ಈ ಲೆಕ್ಕ ಇಲ್ಲದೇ ಇಲ್ಲ. ಮಗುಚಿ ಬಿದ್ದಾಗ ಸಿಹಿ, ಹೊಸ್ತಿಲು ದಾಟಿದಾಗ ಸಿಹಿ, ಆರು ತಿಂಗಳಿಗೆ ಅನ್ನ ಮುಟ್ಟಿಸೋದು. ಹೆಸರು ಬೇರೆ ಇರಬಹುದು, ಹಿರಿಯರು ಇಟ್ಟದ್ದೂ ಮೈಲಿಗಲ್ಲುಗಳನ್ನೇ. ತಲೆಯಿಂದ ಕಾಲಿಗೆ ಬಲ ಇಳಿಯುತ್ತೆ ಅಂತ ಪುಸ್ತಕ ಹೇಳೋದನ್ನು ಕತ್ತು, ಬೆನ್ನು, ಸೊಂಟ, ಕಾಲು ಅಂತ ಅಜ್ಜಿಯೂ ಹೇಳುತ್ತಾಳೆ. ಅಜ್ಜಿಯನ್ನು ಪಕ್ಕಕ್ಕೆ ಸರಿಸಿ ಮಗುವಿನ ಚರಿತ್ರೆ ಬರೆಯಲು ಹೋಗುವವರು ಅರ್ಧ ಸಾಕ್ಷಿಯನ್ನು ಕೈಬಿಟ್ಟ ಹಾಗೆ.

ಆದರೆ ಅಜ್ಜಿ ಎಡವೋದು ಮಾತಿನ ವಿಷಯದಲ್ಲಿ. "ಗಂಡುಮಗು, ಮಾತು ತಡ. ಇವನ ಅಪ್ಪನಿಗೂ ಮೂರು ವರ್ಷಕ್ಕೆ ಬಂದದ್ದು. ಬಜೆ ತೇದು ನಾಲಿಗೆಗೆ ಹಚ್ಚಿ." ಈ ಮೂರು ವಾಕ್ಯದಲ್ಲಿ ಎಷ್ಟು ಮಕ್ಕಳ ವರ್ಷಗಳು ಕಳೆದುಹೋಗಿವೆಯೋ! ಮಾತು ಬರಬೇಕಾದರೆ ಮೊದಲು ಕಿವಿ ಕೇಳಬೇಕು. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ "ಊ... ಆ..." ಅಂತ ಸದ್ದು ಮಾಡುತ್ತೆ. ಅಳುತ್ತೆ, ನಗುತ್ತೆ. ಹಾಗಾಗಿ ಮನೆಯವರಿಗೆ ಅನುಮಾನವೇ ಬರೋದಿಲ್ಲ. ಆರು ತಿಂಗಳ ಮೇಲೆ ಬೇರೆ ಮಕ್ಕಳು "ಬಬ್ಬಬ್ಬ, ಮಮ್ಮಮ್ಮ" ಅಂತ ಮುಂದೆ ಹೋದಾಗ ಈ ಮಗು ಅಲ್ಲೇ ನಿಲ್ಲುತ್ತೆ, ಸದ್ದೂ ಕಡಿಮೆಯಾಗುತ್ತೆ. ಬಾಗಿಲು ಬಡಿದರೆ ತಿರುಗಿತು ಅಂತ ಅಪ್ಪ ವಾದಿಸುತ್ತಾನೆ. ನೆಲದ ಅದುರು ಮೈಗೆ ತಗಲಿರಬಹುದು, ನೆರಳು ಕಂಡಿರಬಹುದು. ಮನೆಯ ಚಪ್ಪಾಳೆ ಪರೀಕ್ಷೆ ನಂಬುವಂಥದ್ದಲ್ಲ.

ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಖಚಿತ, ಆರು ತಿಂಗಳೊಳಗೆ ಶ್ರವಣ ಯಂತ್ರವೋ ತರಬೇತಿಯೋ ಶುರು. ಇದು ಪ್ರಪಂಚದಾದ್ಯಂತ ತಜ್ಞರು ಹೇಳುವ ಲೆಕ್ಕ. ನಮ್ಮ ಜಿಲ್ಲೆಯವರು ಇದಕ್ಕೆ ದೂರ ಹೋಗಬೇಕಾಗಿಲ್ಲ. 1960ರ ದಶಕದಿಂದ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೆ ಬರುತ್ತಾರೆ. ಬಸ್ಸು ಹತ್ತಿದರೆ ಒಂದೆರಡು ಗಂಟೆಯಲ್ಲಿ ಅಲ್ಲಿಗೆ ಮುಟ್ಟುವ ನಮ್ಮ ಹಳ್ಳಿಗಳಲ್ಲಿ ಮಾತ್ರ ಬಜೆ ತೇಯೋದು ನಡೆದೇ ಇದೆ!

ಈಚೆಗೆ ಬಜೆಯ ಜೊತೆಗೆ ಮೊಬೈಲೂ ಸೇರಿಕೊಂಡಿದೆ. ಅನ್ನ ತಿನ್ನಿಸೋಕೆ ಫೋನು, ಅಳು ನಿಲ್ಲಿಸೋಕೆ ಫೋನು. ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳೋದಕ್ಕೆ ಕಾರಣ ಸರಳ. ಫೋನು ಮಾತಾಡುತ್ತೆ, ಮಗುವಿನ ಮಾತಿಗೆ ಕಾಯೋದಿಲ್ಲ.

ಥೈರಾಯ್ಡ್ ವಿಷಯದಲ್ಲಿ ಗಡುವು ಇನ್ನೂ ಕಡಿಮೆ. ಹುಟ್ಟುತ್ತಲೇ ಆ ಗ್ರಂಥಿ ಕೆಲಸ ಮಾಡದ ಮಗು ನೋಡೋಕೆ "ಬಹಳ ಸಾಧು". ಅಳೋದಿಲ್ಲ, ಸದಾ ನಿದ್ದೆ, ಎರಡಕ್ಕೆ ಕಷ್ಟ, ಕಾಮಾಲೆ ಬೇಗ ಇಳಿಯೋದಿಲ್ಲ. ಸಾಧು ಮಗು ಅಂತ ಮನೆಯವರು ಖುಷಿ ಪಡುತ್ತಾರೆ. ಮೊದಲೆರಡು ವಾರದಲ್ಲೇ ಪತ್ತೆಯಾದರೆ ದಿನಕ್ಕೊಂದು ಮಾತ್ರೆಯಿಂದ ಆ ಮಗು ಎಲ್ಲರಂತೆ ಶಾಲೆಗೆ ಹೋಗಬಹುದು. ತಿಂಗಳುಗಟ್ಟಲೆ ತಡವಾದರೆ ಬುದ್ಧಿಗೆ ಬಿದ್ದ ಪೆಟ್ಟು ಪೂರ್ತಿ ವಾಪಸ್ ಬರೋದಿಲ್ಲ.

ಚುಕ್ಕೆಯಲ್ಲ, ಗೆರೆ

ಇನ್ನು ತೂಕದ ಕಾರ್ಡು. ತಾಯಿ ಕಾರ್ಡ್‌ನಲ್ಲಿ ಹುಡುಗರಿಗೆ ನೀಲಿ, ಹುಡುಗಿಯರಿಗೆ ಗುಲಾಬಿ ಪುಟ ಇದೆ. ಇಂಥ ಕಾರ್ಡಿಗೆ ದಾರಿ ತೋರಿಸಿದವರು ನೈಜೀರಿಯಾದ ಹಳ್ಳಿಗಳಲ್ಲಿ ಕೆಲಸ ಮಾಡಿದ ಇಂಗ್ಲಿಷ್ ವೈದ್ಯ ಡೇವಿಡ್ ಮಾರ್ಲೆ. ನಮ್ಮಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕಕ್ಕೆ ಮೊದಲು ಬಂದದ್ದು ನಮ್ಮ ಟಿ. ನರಸೀಪುರಕ್ಕೇ. ಆ ತಾಲ್ಲೂಕಿನಲ್ಲಿ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡವರು ಈಗ ಅಜ್ಜ-ಅಜ್ಜಿಯರಾಗುವ ವಯಸ್ಸು.

ಕಾರ್ಡಿನ ಗುಟ್ಟು ಇಷ್ಟೇ. ವರ್ಷ ತುಂಬಿದ ಎರಡು ಹೆಣ್ಣುಮಕ್ಕಳು ಇವೆ ಅನ್ನಿ, ಎರಡೂ ಎಂಟು ಕೆಜಿ. ಎರಡೂ ಹಸಿರು ಪಟ್ಟಿಯೊಳಗೇ. ಆದರೆ ಒಂದು ಎರಡೂ ಕಾಲು ಕೆಜಿಗೆ ಹುಟ್ಟಿ ತಿಂಗಳು ತಿಂಗಳೂ ಏರಿಕೊಂಡು ಬಂದದ್ದು. ಇನ್ನೊಂದು ಒಂಬತ್ತನೇ ತಿಂಗಳಲ್ಲೇ ಎಂಟು ಕೆಜಿ ಇದ್ದು ಮೂರು ತಿಂಗಳಿಂದ ಅಲ್ಲೇ ನಿಂತದ್ದು. ಮೊದಲನೆಯ ತಾಯಿಗೆ ಶಹಬ್ಬಾಸ್ ಅನ್ನಬೇಕು. ಎರಡನೆಯ ಮನೆಯಲ್ಲಿ ಕೂತು ಕೇಳಬೇಕು: ಭೇದಿ ಆಗಿತ್ತಾ? ಕೆಮ್ಮು ಇತ್ತಾ? ರಾಗಿ ಸರಿ ಎಷ್ಟು ನೀರು? ಚಮಚ ಓರೆ ಮಾಡಿದರೆ ಸುರಿದುಹೋಗುವ ಸರಿಯಲ್ಲಿ ಹೊಟ್ಟೆ ತುಂಬುತ್ತೆ, ಮೈ ತುಂಬೋದಿಲ್ಲ. ಗಟ್ಟಿ ಇರಬೇಕು, ಮೇಲೊಂದು ಚಮಚ ತುಪ್ಪವೋ ಎಣ್ಣೆಯೋ ಬೀಳಬೇಕು, ಬೇಳೆ-ಸೊಪ್ಪು-ಮೊಟ್ಟೆ ಸೇರಬೇಕು. ಚುಕ್ಕೆ ಇಟ್ಟು ಗೆರೆ ಎಳೆಯದೆ ಬಿಟ್ಟ ಕಾರ್ಡಿನಲ್ಲಿ ಇದೊಂದೂ ಕಾಣೋದಿಲ್ಲ. ಅಂಥ ಕಾರ್ಡುಗಳು ಎಷ್ಟಿವೆ ಅಂತ ಯಾವ ಹಳ್ಳಿಗೆ ಹೋದರೂ ನೋಡಬಹುದು. ದೃಷ್ಟಿಯಾಗುತ್ತೆ ಅಂತ ತೂಗಿಸದ ಮನೆಗಳೂ ಇವೆ. ಅಲ್ಲಿ ಜಗಳ ಬೇಡ. ತಕ್ಕಡಿಯ ಅಂಕಿಯನ್ನು ಎಲ್ಲರೆದುರು ಕೂಗದೆ ತಾಯಿಯ ಕಿವಿಯಲ್ಲಿ ಹೇಳಿದರೆ ಆಯ್ತು.

ತೂಗೋಕೆ ಆಗದಿದ್ದರೆ ತೋಳಿನ ಪಟ್ಟಿ ಇದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಮಧ್ಯದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತಡ ಮಾಡದೆ ಆಸ್ಪತ್ರೆ.

ಓದುಗ ತಾಯಂದಿರಿಗೂ ಒಂದು ಮಾತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಆಮೇಲೆ 3, 6, 9, 12, 15ನೇ ತಿಂಗಳಲ್ಲೂ ಭೇಟಿ ಇದೆ. ಬಾರದಿದ್ದರೆ ಕೇಳುವ ಹಕ್ಕು ನಿಮಗಿದೆ. ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ತಡ ಕಂಡ ಮಕ್ಕಳಿಗೆ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸೆಯ ಕೇಂದ್ರವೂ ಆ ಯೋಜನೆಯಲ್ಲೇ ಸೇರಿದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ. ಮಗುವಿನ ನಡೆ-ನುಡಿಯ ಬಗ್ಗೆ ಮನೆಯಲ್ಲಿ ಫೋನಿನಲ್ಲಿ ಒಂದೆರಡು ನಿಮಿಷ ಚಿತ್ರ ತೆಗೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಅಳುತ್ತಾ ಕೂತ ಮಗು ಮನೆಯಲ್ಲಿ ಮಾಡೋದನ್ನು ಡಾಕ್ಟರ ಎದುರು ಮಾಡಿ ತೋರಿಸೋದಿಲ್ಲ.