ಹೂಂ ಅಂದವರು ಯಾರು?

ದೀಪಾವಳಿ ಮುಗಿಯುತ್ತಿದ್ದಂತೆ ಹಾನಗಲ್, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಸೀಮೆಯಲ್ಲಿ ಹೋರಿ ಹಬ್ಬದ ಕಾಲ. ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಜೂಲ ಹೊದಿಸಿ, ಬಲೂನಿನಿಂದ ಸಿಂಗರಿಸಿದ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಓಡಿ ಬರುವ ಹೋರಿಗೆ ಅಡ್ಡ ಬಿದ್ದು ಕೊಬ್ಬರಿ ಹರಿದವನಿಗೆ ಕೇಕೆ, ಸಿಳ್ಳೆ. ಪ್ರತಿವರ್ಷ ತಿವಿಸಿಕೊಂಡವರು ಆಸ್ಪತ್ರೆ ಸೇರುತ್ತಾರೆ, ಸಾಯುವವರೂ ಇದ್ದಾರೆ. ಮರುದಿನ ಹೊಲದ ಬದುವಿನ ಮೇಲೆ ಒಬ್ಬನೇ ಹೋಗುತ್ತಿರುವಾಗ ಅದೇ ಹೋರಿ ಎದುರಾದರೆ, ಕೊಬ್ಬರಿ ಹರಿದ ಆ ಹುಡುಗನೇ ಬೇಲಿ ಜಿಗಿದು ಓಡುತ್ತಾನೆ. ನೋಡುವವರು ಯಾರೂ ಇಲ್ಲವಲ್ಲ!

ಇದನ್ನೇ ಅಳೆದು ನೋಡಿದವರಿದ್ದಾರೆ. ಅಮೆರಿಕದ ಮಾರ್ಗೊ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಸಿಗ್ನಲ್ ಹಳದಿಯಾದ ಮೇಲೂ ಕಾರು ಮುಂದೆ ಹೋದಷ್ಟೂ ಅಂಕ ಹೆಚ್ಚು, ಕೆಂಪಾಗಿ ಗೋಡೆಗೆ ಬಡಿದರೆ ಗಳಿಸಿದ್ದೆಲ್ಲ ಹೋಯಿತು. ಒಬ್ಬೊಬ್ಬರೇ ಆಡಿದಾಗ ಹದಿಮೂರರಿಂದ ಹದಿನಾರರ ಹುಡುಗರಿಗೂ ದೊಡ್ಡವರಿಗೂ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಗೆಳೆಯರನ್ನು ಪಕ್ಕದಲ್ಲಿ ಕೂರಿಸಿದ್ದೇ ತಡ, ಹುಡುಗರು ಮೈಮೇಲೆ ಎಳೆದುಕೊಂಡ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಯಿತು. 24 ದಾಟಿದವರಲ್ಲಿ ಏನೂ ಬದಲಾಗಲಿಲ್ಲ. 2011ರಲ್ಲಿ ಸ್ಟೈನ್‌ಬರ್ಗ್ ಇದ್ದ ಇನ್ನೊಂದು ತಂಡ ಹುಡುಗರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ ಆಡಿಸಿತು. ಗೆಳೆಯರು ಬೇರೆ ಕೋಣೆಯಲ್ಲಿ ನೋಡುತ್ತಿದ್ದಾರೆ ಎಂದು ತಿಳಿದರೂ ಸಾಕು, ಬಹುಮಾನ ಸಿಕ್ಕಾಗ ಚುರುಕಾಗುವ ಮೆದುಳಿನ ಭಾಗ ಹೆಚ್ಚು ಚುರುಕಾಗುತ್ತಿತ್ತು.

ಆದರೆ ಇದು ಕ್ಷಣದ ಆವೇಶದ ಮಾತು. ಮೂರು ನಾಲ್ಕು ಹುಡುಗರು ವಾರಗಟ್ಟಲೆ ಕೂತು, ಯಾರಿಗೆ ಹೊಡೆಯಬೇಕು, ಎಲ್ಲಿ ಕಾಯಬೇಕು, ಬೈಕು ಯಾರದು ಎಂದು ಲೆಕ್ಕ ಹಾಕುವುದನ್ನು ಆವೇಶ ಎಂದು ತಳ್ಳಿಹಾಕಲಾಗದು. ಅಷ್ಟು ದಿನಗಳಲ್ಲಿ ಒಬ್ಬನಿಗಾದರೂ ಬುದ್ಧಿ ಬರಬೇಕಿತ್ತಲ್ಲ ಎಂದು ಊರು ಕೇಳುತ್ತದೆ. ಬುದ್ಧಿ ಬಹುಶಃ ಎಲ್ಲರಿಗೂ ಬಂದಿರುತ್ತದೆ, ಒಬ್ಬೊಬ್ಬರಿಗೇ, ಬೇರೆ ಬೇರೆಯಾಗಿ. ಅದನ್ನು ಬಾಯಿಬಿಟ್ಟು ಆಡುವವರಿರುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಮಾಟ್ಝಾ 1964ರಲ್ಲಿ ಹೇಳಿದ್ದು ಇದನ್ನೇ. ಗುಂಪಿನ ಪ್ರತಿಯೊಬ್ಬ ಹುಡುಗನಿಗೂ ತಾನು ಅರೆಮನಸ್ಸಿನವನು, ಉಳಿದವರೆಲ್ಲ ಗಟ್ಟಿ ಎಂಬ ಭ್ರಮೆ. ಅದು ಹೇಗೆ ಬೆಳೆಯುತ್ತದೆಂದು ತೋರಿಸಲು ನಮ್ಮ ಸೀಮೆಯದೊಂದು ಮಾತುಕತೆಯನ್ನು ಕಲ್ಪಿಸಿಕೊಳ್ಳೋಣ. ಬಸ್ ಸ್ಟ್ಯಾಂಡಿನ ಹಿಂದಿನ ಕಟ್ಟೆ, ಸಂಜೆ ಏಳರ ಹೊತ್ತು.

“ಅವಂಗ ಒಂದ್ ಗತಿ ಕಾಣಸಬೇಕಲೇ.”

“ಹೂಂ, ಕಾಣಸೂಣ.”

“ಬರೇ ಬಾಯಾಗ ಹೇಳೂದಲ್ಲ. ಕೈಯಾಗ ಏನರ ಇರಬೇಕು.”

“ನಮ್ಮನ್ಯಾಗ ಕುಡಗೋಲ ಐತಿ.”

ಮೂರನೆಯವನು ಸುಮ್ಮನಿದ್ದಾನೆ.

“ಯಾಕಲೇ, ಅಂಜಿಯೇನು?”

“ನಾ ಯಾಕ ಅಂಜಲಿ? ಮೊದಲ ನೀವ್ ಬರ್ರಿ.”

ಮೊದಲನೆಯವನು ಸಿಟ್ಟು ತೋಡಿಕೊಂಡದ್ದು, ಅಷ್ಟೆ. ಎರಡನೆಯವನು ಗೆಳೆಯನ ಮನಸ್ಸು ಮುರಿಯಬಾರದೆಂದು ಹೂಂಗುಟ್ಟಿದ. ಆ ಹೂಂ ಕೇಳಿದ ಮೊದಲನೆಯವನು, ಇವನು ನಿಜಕ್ಕೂ ಸಿದ್ಧ, ನಾನು ಹಿಂದೆ ಸರಿಯುವಂತಿಲ್ಲ ಅಂದುಕೊಂಡ. ಕುಡುಗೋಲಿನ ಮಾತು ಬಂದದ್ದು ಹಾಗೆ. ಮೂರನೆಯವನ ಕೈಕಾಲು ತಣ್ಣಗಾಗಿವೆ. ಬಾಯಿಂದ ಬಂದದ್ದು ಮಾತ್ರ ಎಲ್ಲರಿಗಿಂತ ದೊಡ್ಡ ಸವಾಲು. ಯಾರೂ ನಿರ್ಧಾರ ಮಾಡಲಿಲ್ಲ, ನಿರ್ಧಾರವಂತೂ ಆಗಿಹೋಯಿತು. ಈ ಭ್ರಮೆ ಒಡೆಯುವುದು ಇಬ್ಬರೇ ಇದ್ದಾಗ, ಇಲ್ಲವೇ ವಯಸ್ಸಾದ ಮೇಲೆ ಎನ್ನುತ್ತಾನೆ ಮಾಟ್ಝಾ. ಆಗ ಒಬ್ಬ ಇನ್ನೊಬ್ಬನಿಗೆ ನಿಜ ಹೇಳುತ್ತಾನೆ: ನನಗೂ ಬೇಡವಾಗಿತ್ತು.

ಈ ಮಾತುಕತೆಯಲ್ಲಿ ನಾನು ಬರೆಯದೆ ಬಿಟ್ಟ ಒಂದು ಸದ್ದಿದೆ, ನಗು. ಅಮೆರಿಕದ ಓರೆಗಾನ್‌ನಲ್ಲಿ ಥಾಮಸ್ ಡಿಶನ್ ಎಂಬ ಮನಶ್ಶಾಸ್ತ್ರಜ್ಞ 13-14ರ ಹುಡುಗರನ್ನು ಅವರವರ ಗೆಳೆಯರೊಂದಿಗೆ ಮಾತಿಗೆ ಕೂರಿಸಿ ವಿಡಿಯೋ ಮಾಡಿಸಿದ. ಯಾವ ಮಾತಿಗೆ ಗೆಳೆಯ ನಕ್ಕ, ಯಾವುದಕ್ಕೆ ಸುಮ್ಮನಾದ ಎಂಬುದನ್ನು ಲೆಕ್ಕವಿಟ್ಟ. ಕೆಲವು ಜೋಡಿಗಳಲ್ಲಿ ಸಾಮಾನ್ಯ ಮಾತಿಗೂ ನಗುವಿತ್ತು. ಇನ್ನು ಕೆಲವು ಜೋಡಿಗಳಲ್ಲಿ ಕದ್ದದ್ದು, ಹೊಡೆದದ್ದು, ಮೇಷ್ಟ್ರಿಗೆ ಟೋಪಿ ಹಾಕಿದ್ದು ಇಂಥ ಮಾತಿಗೆ ಮಾತ್ರ ನಗು ಬರುತ್ತಿತ್ತು. ಮುಂದಿನ ವರ್ಷಗಳಲ್ಲಿ ಅಪರಾಧದ ಹಾದಿ ಹಿಡಿಯುವ ಸಾಧ್ಯತೆ ಈ ಎರಡನೆಯ ಬಗೆಯವರಲ್ಲಿ ಹೆಚ್ಚಿತ್ತು. 1996ರ ಈ ಅಧ್ಯಯನ ಓದಿದ ಮೇಲೆ ಹುಡುಗರ ಗುಂಪಿನ ಮುಂದೆ ಹಾಯುವಾಗ ನನ್ನ ಕಿವಿ ನಗುವಿನ ಕಡೆಗೇ ಹೋಗುತ್ತದೆ. ಹುಡುಗರ ಗುಂಪು ಹಲ್ಲೆ ಮಾಡಿದ ಕೇಸು ಬಂದಾಗಲೆಲ್ಲ ‘ಓಂ’, ‘ಜೋಗಿ’ ಸಿನಿಮಾಗಳನ್ನು ಬೈಯುವುದು ನಮ್ಮಲ್ಲಿ ರೂಢಿ. ಲಾಂಗು ಹಿಡಿದ ನಾಯಕನನ್ನು ಲಕ್ಷಾಂತರ ಜನ ನೋಡಿ ಮನೆಗೆ ಹೋಗಿ ಉಂಡು ಮಲಗಿದರು. ಪರದೆ ಒಂದು ವೇಷವನ್ನು ಕೊಡಬಹುದು. ಆ ವೇಷಕ್ಕೆ ದಿನಾ ಚಪ್ಪಾಳೆ ತಟ್ಟುವವನು ಪಕ್ಕದಲ್ಲಿ ಕೂತ ಗೆಳೆಯ.

ಒಂದು ನಿಜ ಪ್ರಕರಣ ನೋಡಿ. 1993ರ ಸೆಪ್ಟೆಂಬರ್, ಅಮೆರಿಕದ ಮಿಸೌರಿ. 17 ವರ್ಷದ ಕ್ರಿಸ್ಟಫರ್ ಸಿಮನ್ಸ್ ತನಗಿಂತ ಚಿಕ್ಕ ಇಬ್ಬರು ಗೆಳೆಯರ ಮುಂದೆ ಕನ್ನ ಹಾಕಿ ಕೊಲೆ ಮಾಡುವ ಮಾತೆತ್ತಿದ. ನಾವು ಅಪ್ರಾಪ್ತರು, ಪಾರಾಗುತ್ತೇವೆ ಎಂದು ಧೈರ್ಯ ತುಂಬಿದ. ಹೇಳಿದ ರಾತ್ರಿ ಎರಡು ಗಂಟೆ ಸುಮಾರಿಗೆ ಮೂವರೂ ಸೇರಿದರು. ಹೊರಡುವ ಮುನ್ನ 16 ವರ್ಷದವನೊಬ್ಬ ಎದ್ದು ಹೋದ. ಉಳಿದಿಬ್ಬರು ಒಬ್ಬ ಹೆಂಗಸನ್ನು ಕೊಂದರು. ಅಮೆರಿಕದ ಸುಪ್ರೀಂ ಕೋರ್ಟ್ ಅಪ್ರಾಪ್ತರಿಗೆ ಮರಣದಂಡನೆ ಸಲ್ಲದೆಂದು 2005ರಲ್ಲಿ ತೀರ್ಪು ಕೊಟ್ಟದ್ದು ಇದೇ ಸಿಮನ್ಸ್‌ನ ಪ್ರಕರಣದಲ್ಲಿ. ಕಾನೂನು ಓದುವವರು ಆ ತೀರ್ಪಿಗಾಗಿ ಇದನ್ನು ಓದುತ್ತಾರೆ. ನನ್ನನ್ನು ಕಾಡುವುದು ಎದ್ದುಹೋದ ಆ ಹುಡುಗ. ಗುಂಪಿನಿಂದ ಕಳಚಿಕೊಳ್ಳುವ ಗಟ್ಟಿತನ ಅವನಿಗಿತ್ತು. ಉಳಿದವರನ್ನು ತಡೆಯಲು ಆಗಲಿಲ್ಲ. ಕೊನೆಗೆ ಸಂಚಿನ ಆರೋಪ ಕೈಬಿಟ್ಟದ್ದಕ್ಕೆ ಪ್ರತಿಯಾಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ.

ಹಾನಗಲ್ಲಿಗೆ ಬರೋಣ. 2024ರ ಜನವರಿಯಲ್ಲಿ ತಾಲ್ಲೂಕಿನ ವಸತಿಗೃಹವೊಂದಕ್ಕೆ ಯುವಕರ ಗುಂಪು ನುಗ್ಗಿ ಅಲ್ಲಿದ್ದ ಗಂಡು-ಹೆಣ್ಣನ್ನು ಥಳಿಸಿತು. ಹಲ್ಲೆಯ ವಿಡಿಯೋ ಎಲ್ಲೆಡೆ ಹರಿದಾಡಿತು. ತನ್ನ ಮೇಲೆ ಸಾಮೂಹಿಕ ಅತ್ಯಾಚಾರವೂ ನಡೆಯಿತೆಂದು ಮಹಿಳೆ ಹೇಳಿಕೆ ಕೊಟ್ಟ ಮೇಲೆ ಆ ಆರೋಪವೂ ಸೇರಿತು. ಆರೋಪಿಗಳು ಬಾಲಕರಲ್ಲ, ವಯಸ್ಕರು. ಅವರ ಮೇಲಿನ ಆರೋಪವನ್ನು ತೂಗುವುದು ನ್ಯಾಯಾಲಯದ ಕೆಲಸ. ಈ ಬರಹಕ್ಕೆ ಬೇಕಾದದ್ದು ಆಮೇಲಿನ ಸಂಗತಿ. 2025ರ ಮೇ ತಿಂಗಳಲ್ಲಿ ಏಳು ಆರೋಪಿಗಳು ಜಾಮೀನಿನ ಮೇಲೆ ಹೊರಬಂದಾಗ ಅಕ್ಕಿಆಲೂರಿನಲ್ಲಿ ಕಾರು ಬೈಕುಗಳ ಮೆರವಣಿಗೆ ನಡೆಯಿತು. ಬೆರಳೆತ್ತಿ ವಿಜಯದ ಚಿಹ್ನೆ ತೋರಿಸುವ ದೃಶ್ಯ ದೇಶವೆಲ್ಲ ನೋಡುವಂತಾಯಿತು. ಆ ಮೆರವಣಿಗೆಯ ಮೇಲೂ ಪೊಲೀಸರು ಕೇಸು ಹಾಕಿದರು. ಡಿಶನ್‌ನ ವಿಡಿಯೋದಲ್ಲಿ ಒಬ್ಬ ಗೆಳೆಯನ ನಗುವಿತ್ತು, ಇಲ್ಲಿ ಹಾರನ್ ಹೊಡೆಯುವ ಬೀದಿಯೇ ಇತ್ತು. ರಸ್ತೆ ಬದಿ ನಿಂತು ನೋಡಿದ ಒಂಬತ್ತನೇ ಇಯತ್ತೆಯ ಹುಡುಗನಿಗೆ ಅವತ್ತು ಆದ ಪಾಠವನ್ನು ಯಾವ ಶಾಲೆಯೂ ಸುಲಭವಾಗಿ ಅಳಿಸಲಾರದು.

ಕಾನೂನು ಗುಂಪನ್ನು ನೋಡುವ ಬಗೆ ಬೇರೆ. ಒಟ್ಟಾಗಿ ಸಂಚು ಮಾಡುವುದೇ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ಅಪರಾಧ. ಸಮಾನ ಉದ್ದೇಶದಿಂದ ಹಲವರು ಸೇರಿ ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಷ್ಟು ಹೊಣೆ. ಮನಶ್ಶಾಸ್ತ್ರದ ಕಣ್ಣಿಗೆ ಯಾರದೂ ಅಲ್ಲದ ನಿರ್ಧಾರ ಕಾನೂನಿನ ಕಣ್ಣಿಗೆ ಎಲ್ಲರದು. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಸತ್ತವನ ಮನೆಯವರಿಗೆ ಮಾಟ್ಝಾನ ಸಿದ್ಧಾಂತದಿಂದ ಏನಾಗಬೇಕು? ತೊಡಕಿರುವುದು ಇನ್ನೊಂದು ಕಡೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಆಕ್ರೋಶದ ಬೆನ್ನಲ್ಲೇ ರೂಪುಗೊಂಡು 2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ ಕಾಯ್ದೆಯ ಪ್ರಕಾರ, 16ರಿಂದ 18ರ ನಡುವಿನವರು ಘೋರ ಅಪರಾಧ ಎಸಗಿದ ಆರೋಪವಿದ್ದರೆ ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಹುಡುಗನ ಮಾನಸಿಕ, ದೈಹಿಕ ಸಾಮರ್ಥ್ಯವೆಷ್ಟು, ಪರಿಣಾಮ ಅವನಿಗೆ ತಿಳಿದಿತ್ತೇ, ಯಾವ ಸನ್ನಿವೇಶದಲ್ಲಿ ಮಾಡಿದ ಎಂಬುದನ್ನು ತೂಗಿ, ದೊಡ್ಡವರಂತೆ ವಿಚಾರಣೆ ನಡೆಯಬೇಕೇ ಎಂದು ತೀರ್ಮಾನಿಸಬೇಕು. ಇದು ಎಷ್ಟು ಸೂಕ್ಷ್ಮದ ಕೆಲಸ ಎಂಬುದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಗುರುಗ್ರಾಮದ ಶಾಲೆಯೊಂದರ ಪ್ರಕರಣದಲ್ಲಿ ವಿವರವಾಗಿ ಹೇಳಿದೆ.

ಶಾಂತವಾದ ಕೋಣೆ, ಎದುರಿಗೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜಸೇವಕರು. ಅಲ್ಲಿ ಹುಡುಗ ಒಬ್ಬನೇ. ಕುಡುಗೋಲಿನಿಂದ ಹೊಡೆದರೆ ಏನಾಗುತ್ತದೆ ಎಂದು ಕೇಳಿದರೆ ಸರಿಯಾಗಿಯೇ ಉತ್ತರಿಸುತ್ತಾನೆ. ಭಾರತವೂ ಸೇರಿದಂತೆ 11 ದೇಶಗಳ 5,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ತಣ್ಣಗೆ ಕೂತು ಯೋಚಿಸುವ ಶಕ್ತಿ ಹದಿನಾರರ ಹೊತ್ತಿಗೆ ದೊಡ್ಡವರಷ್ಟೇ ಬೆಳೆದಿರುತ್ತದೆ. ಆವೇಶ ತಡೆದುಕೊಳ್ಳುವ ಪಕ್ವತೆಗೆ ಹದಿನೆಂಟು ದಾಟಿದರೂ ಸಾಲದು ಎಂಬುದು ಅದರ ಸಾರ. ಮಂಡಳಿಯ ಮುಂದೆ ಕೂತ ಹುಡುಗನೂ ಕಟ್ಟೆಯ ಮೇಲೆ ಕೂತಿದ್ದ ಹುಡುಗನೂ ಒಬ್ಬನೇ ಎಂದು ಹಿಡಿಯುವುದು ಕಷ್ಟ. ಕಾಯ್ದೆಯಲ್ಲಿರುವ ‘ಸನ್ನಿವೇಶ’ ಎಂಬ ಪದವನ್ನು ಹಿಗ್ಗಿಸಿ, ಯಾರು ನಕ್ಕರು, ಯಾರು ಸುಮ್ಮನಿದ್ದರು, ಯಾರು ಎದ್ದುಹೋಗಲು ನೋಡಿದರು ಎಂಬುದನ್ನೂ ಕೇಳುವುದು ನನಗೆ ಸರಿ ಕಾಣುತ್ತದೆ.

ಇಂಥ ಹುಡುಗರನ್ನು ಏನು ಮಾಡಬೇಕು? ಮೊದಲು ಹೇಳಿದ ಹೋರಿ ಹಬ್ಬದ ನಾಲ್ಕು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಬೋರ್ಸ್ಟಲ್ ಶಾಲೆಯಿತ್ತು. ಎಳೆಯ ಅಪರಾಧಿಗಳನ್ನು ಪಳಗಿದ ಕೈದಿಗಳಿಂದ ದೂರವಿಟ್ಟು ಶಿಸ್ತು, ಕಸುಬು ಕಲಿಸುವ ಯೋಚನೆ ಅದು. ಮುಂಬೈ ಪ್ರಾಂತ್ಯದ ಕಾಯ್ದೆ 1929ರದು. ಆಶಯ ಒಳ್ಳೆಯದೇ. ಆದರೆ ದಾರಿ ತಪ್ಪಿದವರನ್ನೇ ಒಂದು ಕಡೆ ಕೂಡಿಹಾಕಿದರೆ ಅಲ್ಲಿ ನಗುವವರು ಯಾರು? ಅಮೆರಿಕದ ಕೇಂಬ್ರಿಡ್ಜ್-ಸಾಮರ್ವಿಲ್ ಎಂಬ ಪ್ರಸಿದ್ಧ ಪ್ರಯೋಗದಲ್ಲಿ 1939ರಿಂದ ಕೆಲವು ವರ್ಷ ಬಡ ಹುಡುಗರಿಗೆ ಸಲಹೆ, ಪಾಠ, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷದ ನಂತರ ಜೋನ್ ಮೆಕಾರ್ಡ್ ಹುಡುಕಿ ನೋಡಿದರೆ, ನೆರವು ಪಡೆದವರ ಬದುಕೇ ನೆರವಿಲ್ಲದವರಿಗಿಂತ ಕೆಟ್ಟಿತ್ತು. ಬೇಸಿಗೆ ಶಿಬಿರಕ್ಕೆ ಮತ್ತೆ ಮತ್ತೆ ಹೋದವರಲ್ಲಿ ಕೇಡು ಇನ್ನೂ ಹೆಚ್ಚು. ಇಂದಿನ ಬಾಲಕರ ವೀಕ್ಷಣಾಲಯ ನಡೆಸುವವರು ಮರೆಯಬಾರದ ಸಂಗತಿಯಿದು. ಇನ್ನೊಂದು ಸಂಗತಿ ಸಮಾಧಾನದ್ದು: ಹದಿಹರೆಯದಲ್ಲಿ ಕಾನೂನು ಮುರಿದವರಲ್ಲಿ ಬಹುಪಾಲು ಹುಡುಗರು ಇಪ್ಪತ್ತು ದಾಟಿದ ಮೇಲೆ ತಾವಾಗಿಯೇ ಬಿಡುತ್ತಾರೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನವನ್ನು ಆಧರಿಸಿ ಟೆರಿ ಮಾಫಿಟ್ ಇದನ್ನು ಸ್ಪಷ್ಟಪಡಿಸಿದರು.

ಸಂಚು ಗುಟ್ಟಾಗಿ ಉಳಿಯುವುದೂ ಅಪರೂಪ. ಚಪ್ಪಾಳೆ ಬೇಕಾದವನು ಗುಟ್ಟು ಹೇಗೆ ಕಾಯ್ದಾನು? ಅಮೆರಿಕದ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು ಅಲ್ಲಿನ ಸೀಕ್ರೆಟ್ ಸರ್ವಿಸ್ ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟಿತು. ಮುಕ್ಕಾಲಿಗಿಂತ ಹೆಚ್ಚು ಪ್ರಕರಣಗಳಲ್ಲಿ ವಿಷಯ ಮೊದಲೇ ಇನ್ನೊಬ್ಬರಿಗೆ ತಿಳಿದಿತ್ತು. ತಿಳಿದವರು ಹೆಚ್ಚಾಗಿ ಸಹಪಾಠಿ, ಗೆಳೆಯ, ಒಡಹುಟ್ಟಿದವರು. ನಡೆಯುವ ಮೊದಲೇ ತಪ್ಪಿಹೋದ 67 ಸಂಚುಗಳನ್ನು 2021ರಲ್ಲಿ ನೋಡಿದಾಗಲೂ ಅದೇ ಕತೆ: ಹೆಚ್ಚಿನ ಕಡೆ ಗೆಳೆಯನೋ ಸಹಪಾಠಿಯೋ ಬಾಯಿಬಿಟ್ಟಿದ್ದ.

ನಮ್ಮಲ್ಲಿ ಹಾಸ್ಟೆಲಿನ ಗೆಳೆಯನಿಗೋ ಗ್ಯಾರೇಜಿನ ಜೊತೆಗಾರನಿಗೋ ಅಕ್ಕನಿಗೋ ಗೊತ್ತಿರುತ್ತದೆ. “ಅವ ಹಂಗ ಅಂತಿರತಾನ್ರೀ, ಮಾಡಂಗಿಲ್ಲ” ಎಂದು ತಳ್ಳಿಹಾಕುತ್ತಾರೆ. ಒಳಗೆ ಚಾಡಿಕೋರ ಅನ್ನಿಸಿಕೊಳ್ಳುವ ಅಳುಕು. ಹೆಡ್‌ಮೇಷ್ಟ್ರು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ “ಯಾರಿಗೆ ಏನು ಗೊತ್ತು, ಹೇಳ್ರಿ” ಎಂದು ಗದರಿದರೆ ಒಂದು ಬಾಯಿಯೂ ತೆರೆಯುವುದಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವನನ್ನು ಗುರುತಿಟ್ಟು, ಡಸ್ಟರ್ ತರುವ ನೆಪದಲ್ಲಿ ಒಬ್ಬನನ್ನೇ ಕರೆದು, ಗೆಳೆಯರ ಸುದ್ದಿ ಕೇಳದೆ “ನಿನಗ ಏನ ಅನಸ್ತೈತಿ?” ಎಂದಷ್ಟೇ ಕೇಳಿ ಕಾಯಬೇಕು. ಮೊದಲ ದಿನ ಅವನು ಏನೂ ಹೇಳದೆ ಹೋದರೂ ಎರಡನೆಯ ಸಲ ಕರೆಯಬೇಕು.