ಕಡಲೆಕಾಯಿ ಎಲ್ಲಿ ಬಿಡುತ್ತೆ? ಪಾರ್ಕಿನಲ್ಲೇ ತೋರಿಸಿ ಸ್ವಾಮಿ!

ಬಡಾವಣೆಯ ಮಕ್ಕಳನ್ನು ಕರೆದು, ‘ಕಡಲೆಕಾಯಿ ಎಲ್ಲಿ ಬಿಡುತ್ತೆ ಮರಿ?’ ಎಂದು ಕೇಳಿ ನೋಡಿ. ‘ಮರದಲ್ಲಿ’ ಎಂದು ಥಟ್ಟನೆ ಹೇಳುವವರಿಗೆ ಕೊರತೆಯಿಲ್ಲ. ತಪ್ಪು ಮಕ್ಕಳದ್ದಲ್ಲ. ತಳ್ಳುಗಾಡಿಯಲ್ಲಿ ಹುರಿದ ಕಾಯಿ ಕಂಡವರು ಗಿಡ ಕಂಡಿದ್ದೆಲ್ಲಿ? ಮನೆ ಮುಂದೆ ಸಿಮೆಂಟು, ಶಾಲೆ ಅಂಗಳಕ್ಕೂ ಸಿಮೆಂಟು. ಪಾರ್ಕಿಗೆ ಹೋದರೆ ‘ಮುಟ್ಟಬೇಡಿ’ ಎಂಬ ಬೋರ್ಡು!

ಇದಕ್ಕೆ ಲಕ್ಷಗಟ್ಟಲೆ ಯೋಜನೆ ಬೇಡ. ಪಾರ್ಕಿನ ಒಂದು ಮೂಲೆ, ಎರಡು ಗುದ್ದಲಿ, ಒಂದು ನಲ್ಲಿ, ಬೀದಿಯ ಹತ್ತು ಮನೆಯವರ ಮನಸ್ಸು – ಇಷ್ಟಾದರೆ ಸಾಕು. ಅಡಿಗೆಮನೆಯ ಸಿಪ್ಪೆಯೇ ಗೊಬ್ಬರ. ಹಳ್ಳಿಯಿಂದ ಮಗನ ಮನೆಗೆ ಬಂದು ಟಿ.ವಿ. ಮುಂದೆ ಕೂತಿರುವ ಅಜ್ಜನೇ ಮೇಷ್ಟ್ರು.

ಮೊದಲು ಮೆಂತ್ಯ ಹಾಕಿಸಿ. ನಾಲ್ಕೈದು ದಿನಕ್ಕೆ ಮೊಳಕೆ, ತಿಂಗಳೊಳಗೆ ಸೊಪ್ಪು. ಮಗುವಿಗೆ ಕಾಯುವ ತಾಳ್ಮೆ ಬಂದ ಮೇಲೆ ಕಡಲೆಕಾಯಿ. ಹಳದಿ ಹೂವು ಬಿಡುವುದು ಮೇಲೆ. ಅದು ಬಾಡಿದ ಮೇಲೆ ಸೂಜಿಯಂಥ ತೊಟ್ಟು ಕೆಳಗಿಳಿದು ಮಣ್ಣು ಹೊಕ್ಕು, ಅಲ್ಲಿ ಕಾಯಿ ಕಟ್ಟುತ್ತೆ. ಕರಿಬೇವಿನ ಎಲೆ ಮೇಲೆ ಹಕ್ಕಿ ಪಿಕ್ಕೆಯಂಥದ್ದು ಕಂಡರೆ ಒರೆಸಿ ಹಾಕಬೇಡಿ. ಅದು ಹುಳುವಾಗಿರಬಹುದು. ಬೆಳೆಯುತ್ತಾ ಹಸಿರಾಗಿ, ಕೊನೆಗೆ ಕಪ್ಪು-ಹಳದಿ ಚಿಟ್ಟೆಯಾಗಿ ಹಾರುತ್ತೆ. ಇದನ್ನು ಯಾವ ಮೊಬೈಲು ತಾನೆ ಕಣ್ಣೆದುರು ಮಾಡಿ ತೋರಿಸೀತು?

ಆದರೆ ಮೂಲೆ ಕೇಳೋಕೆ ಪಾರ್ಕೇ ಉಳಿದಿರಬೇಕಲ್ಲ! ನಕ್ಷೆಯಲ್ಲಿ ಹಸಿರು ಬಣ್ಣ, ಸ್ಥಳದಲ್ಲಿ ಜಲ್ಲಿ ರಾಶಿ – ಇದು ಎಲ್ಲ ಊರಿನ ಕಥೆ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನೇ ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಟ್ಟಿದ್ದರು. ಅಲ್ಲಿಯ ನಿವಾಸಿಗಳು ಸುಮ್ಮನೆ ಕೂರಲಿಲ್ಲ. ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ಟ್ರಸ್ಟಿನ ಮೇಲ್ಮನವಿಯನ್ನು ವಜಾ ಮಾಡಿತು. ಪಾರ್ಕು ಉಳಿಸಿ ಎಂದು ಕೇಳುವ ಹಕ್ಕು ನಿವಾಸಿಗಳಿಗೆ ಇದೆ ಎಂದಿತು. ಅದಕ್ಕೂ ಮುಂಚೆ 1985ರಲ್ಲೇ ಉದ್ಯಾನ, ಆಟದ ಬಯಲು, ತೆರೆದ ಜಾಗ ಕಾಪಾಡಲೆಂದು ನಮ್ಮ ರಾಜ್ಯದಲ್ಲಿ ಕಾಯ್ದೆಯಾಗಿದೆ.

ಕಾಯ್ದೆ ಕಾಗದದಲ್ಲಿದ್ದರೆ ಸಾಲದು, ಜಾಗದಲ್ಲಿ ಜನ ಇರಬೇಕು. ಪಾಳು ಬಿದ್ದ ಪಾರ್ಕಿಗೆ ನೂರು ಗಿರಾಕಿ. ದಿನಾ ಸಂಜೆ ಹತ್ತು ಮಕ್ಕಳು ನೀರು ಹಾಕುವ ಪಾತಿಯ ಮೇಲೆ ಜಲ್ಲಿ ಸುರಿಯಲು ಎಂಥ ಕಂಟ್ರಾಕ್ಟರನಿಗೂ ಕೈ ಬಾರದು.

‘ಪಾರ್ಕು ಅಂದ್ರೆ ಹುಲ್ಲುಹಾಸು, ಸೊಪ್ಪಿನ ತೋಟ ಅಲ್ಲ’ ಎಂದು ನಗರಸಭೆಯವರು ಗೊಣಗಬಹುದು. ಗೊಣಗಲಿ. ಅನುಮತಿ ಇಲ್ಲದೆ ಗುದ್ದಲಿ ಹಾಕಬೇಡಿ. ಬೀದಿಯವರೆಲ್ಲ ರುಜು ಮಾಡಿ ಅರ್ಜಿ ಕೊಡಿ, ಮೊಹರು ಹಾಕಿಸಿದ ನಕಲು ಇಟ್ಟುಕೊಳ್ಳಿ. ಮುಂಗಾರಿಗೆ ಬಿತ್ತಿದರೆ ದಸರಾ ರಜೆ ಹೊತ್ತಿಗೆ ಮಕ್ಕಳೇ ಗಿಡ ಕಿತ್ತು ಉತ್ತರ ಹೇಳುತ್ತಾರೆ.